ಡ್ರೊಸೆರಾ ಹೂವಿಗೆ ಬಂದಿದೆ, ಎಲೆಯ ಅಂಟು ಮಾತ್ರ ಒಣಗಿದೆ

ಪ್ರಶ್ನೆ (ಬೆಂಗಳೂರು): ನಮಸ್ಕಾರ ಮೇಡಂ. ದಕ್ಷಿಣ ಆಫ್ರಿಕಾ ಮೂಲದ, ಎಲೆಯ ಅಂಟಿನಿಂದ ಕೀಟ ಹಿಡಿದು ತಿನ್ನುವ ಡ್ರೊಸೆರಾ ಕೇಪೆನ್ಸಿಸ್ ಗಿಡವೊಂದನ್ನು ಎಂಟು ತಿಂಗಳಿಂದ ಪೂರ್ವದಿಕ್ಕಿನ ಬಾಲ್ಕನಿಯಲ್ಲಿ, ಕೊಕೊಪೀಟ್ ಮತ್ತು ಮರಳಿನ ಮಿಶ್ರಣದಲ್ಲಿ ಬೆಳೆಸುತ್ತಿದ್ದೇನೆ. ಕುಂಡದ ಕೆಳಗಿನ ತಟ್ಟೆಗೆ ಬೋರ್‌ವೆಲ್ ನೀರು ಹಾಕುತ್ತೇನೆ. ಅದರ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 620 ಇದೆ. ಈಗ ಹೂದಂಟು ಬಂದಿದೆ, ಆದರೆ ಎಲೆಗಳ ಮೇಲೆ ಅಂಟಿನ ಹನಿಗಳೇ ಇಲ್ಲ. ದಂಟನ್ನು ಕತ್ತರಿಸಬೇಕೆ? ಸಂಜೆ ಕಚೇರಿಯಿಂದ ಬಂದಾಗಲೆಲ್ಲ ಹೂವು ಮುಚ್ಚಿರುತ್ತದೆ. ಹೂವು, ಹನಿ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ತೆಗೆಯುವುದು ಹೇಗೆ?

ಉತ್ತರ: ನಮಸ್ಕಾರ. ದಂಟನ್ನು ಕತ್ತರಿಸಬೇಡಿ, ತಪ್ಪು ಹೂವಿನದಲ್ಲ, ನೀರಿನದು. ಸಾರಜನಕ ತೀರ ಕಡಿಮೆ ಇರುವ ಬಡ ಜೌಗು ಮಣ್ಣಿನಲ್ಲಿ ಬದುಕಲು ಹೊಂದಿಕೊಂಡ ಈ ಗಿಡ ಪೋಷಕಾಂಶದ ಕೊರತೆಯನ್ನು ಕೀಟಗಳಿಂದ ತುಂಬಿಕೊಳ್ಳುತ್ತದೆ. ಅದರ ಬೇರುಗಳಿಗೆ ಲವಣ ತಡೆದುಕೊಳ್ಳುವ ಶಕ್ತಿ ಇಲ್ಲ. ತಟ್ಟೆಯ ನೀರು ಆವಿಯಾಗುತ್ತದೆ, ಲವಣ ಕುಂಡದಲ್ಲೇ ಉಳಿಯುತ್ತದೆ; ಹಾಗಾಗಿ ನಿಮ್ಮ 620 ಎಂಟು ತಿಂಗಳಲ್ಲಿ ಎಷ್ಟೋ ಪಟ್ಟು ಹೆಚ್ಚಿರಬೇಕು. ಮಳೆನೀರು, ಡಿಸ್ಟಿಲ್ಡ್ ನೀರು ಅಥವಾ ಮೀಟರಿನಲ್ಲಿ 50ಕ್ಕಿಂತ ಕಡಿಮೆ ತೋರಿಸುವ ಆರ್‌ಒ ನೀರನ್ನು ಮಾತ್ರ ಕೊಡಿ. ಸದ್ಯಕ್ಕೆ ಆ ನೀರನ್ನೇ ಮೇಲಿನಿಂದ ಧಾರಾಳವಾಗಿ ಹರಿಸಿ, ಕೆಳಗೆ ಸೋರಿದ್ದನ್ನು ಚೆಲ್ಲಿ, ಹೂ ಮುಗಿದ ಮೇಲೆ ಪೀಟ್ ಮಾಸ್ (ಜೌಗಿನಲ್ಲಿ ಕೊಳೆತ ಪಾಚಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಮಿಶ್ರಣಕ್ಕೆ ಗಿಡವನ್ನು ಬದಲಿಸಿ. ಕೊಕೊಪೀಟಿನಲ್ಲೂ ಉಪ್ಪಿರುವುದರಿಂದ ಹಲವು ಸಲ ತೊಳೆಯದೆ ಅದನ್ನು ನಂಬುವಂತಿಲ್ಲ. ಗೊಬ್ಬರ ಖಂಡಿತ ಬೇಡ.

ದಂಟಿನ ಮೊಗ್ಗುಗಳು ಬುಡದಿಂದ ತುದಿಯ ಕಡೆಗೆ, ಸಾಮಾನ್ಯವಾಗಿ ದಿನಕ್ಕೊಂದರಂತೆ, ಬೆಳಗಿನ ಬಿಸಿಲಿಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತವೆ. ಮೋಡ ಕವಿದ ದಿನ ತೆರೆಯದೆಯೂ ಇರಬಹುದು. ಆದ್ದರಿಂದ ಕ್ಯಾಮೆರಾವನ್ನು ರಜಾದಿನದ ಬೆಳಿಗ್ಗೆ ತೆಗೆಯಿರಿ. ಮುಚ್ಚಿದ ಹೂವಿಗೂ ನಷ್ಟವೇನಿಲ್ಲ, ಈ ಜಾತಿ ಸ್ವಪರಾಗಸ್ಪರ್ಶದಿಂದಲೇ ಬೀಜ ಕಟ್ಟುತ್ತದೆ. ಆ ಧೂಳಿನಂತಹ ಬೀಜ ಪಕ್ಕದ ಕುಂಡಗಳಲ್ಲೆಲ್ಲ ಮೊಳೆಯುವುದನ್ನು ಮಾತ್ರ ನೀವು ಸಹಿಸಿಕೊಳ್ಳಬೇಕು.

ಇನ್ನು ಚಿತ್ರದ ವಿಷಯ. ಪರಾಗ ತರುವ ಕೀಟಗಳು ಬಲೆಗೆ ಬೀಳದಿರಲೆಂದೇ ಇರಬೇಕು, ಹೂವು ಎಲೆಗಳಿಂದ ಬಹಳ ಎತ್ತರದಲ್ಲಿ ಅರಳುತ್ತದೆ. ಮ್ಯಾಕ್ರೊ ಲೆನ್ಸಿನಲ್ಲಿ ಸ್ಪಷ್ಟವಾಗಿ ಕಾಣುವ ಆಳ ಕೆಲವೇ ಮಿಲಿಮೀಟರು, ಹತ್ತಿರ ಹೋದಷ್ಟೂ ಎರಡನ್ನೂ ಹಿಡಿಯುವ ಆಸೆ ಕೈಗೂಡುವುದಿಲ್ಲ. ನಾನಂತೂ ಎಲೆಗಳನ್ನು ಹಿನ್ನೆಲೆಗೆ ಬಿಟ್ಟು ಹೂವಿಗೆ ಮಾತ್ರ ಫೋಕಸ್ ಮಾಡುತ್ತೇನೆ: ಬಿಸಿಲು ಗಿಡದ ಹಿಂದಿನಿಂದ ಬರುವಂತೆ ಕುಂಡವನ್ನು ತಿರುಗಿಸಿದರೆ ಮಸುಕಾದ ಹನಿಗಳೂ ಬೆಳಕಿನ ಬಿಂದುಗಳಾಗಿ ಹೊಳೆಯುತ್ತವೆ. ಟ್ರೈಪಾಡ್, ಲೆನ್ಸಿನ ತೆರಪು (ಅಪರ್ಚರ್) ಎಫ್ 8ರಿಂದ 11, ಹಿಂದೆ ದೂರದಲ್ಲೊಂದು ಕಪ್ಪು ಬಟ್ಟೆ, ಇಷ್ಟು ಸಾಕು. ತೆಳ್ಳನೆಯ ದಂಟು ಉಸಿರಿಗೂ ಅಲುಗುವುದರಿಂದ ಫ್ಯಾನ್ ಆರಿಸಿರಿ.

ಪ್ರಶ್ನೆ (ಉಡುಪಿ): ನಮ್ಮೂರಿನ ಮುರಕಲ್ಲಿನ ಪದವಿನಲ್ಲಿ (ಎತ್ತರದ ಬಯಲಿನಲ್ಲಿ) ಮಳೆಗಾಲ ಮುಗಿಯುವ ಹೊತ್ತಿಗೆ ನಾಣ್ಯದಷ್ಟಗಲದ, ನೆಲಕ್ಕಂಟಿದ ಕೆಂಪು ಗಿಡಗಳು ಬಿಳಿ ಹೂ ಬಿಡುತ್ತವೆ. ಇವೂ ಡ್ರೊಸೆರಾವೇ? ಕಿತ್ತು ತಂದು ಬೆಳೆಸಬಹುದೆ?

ಉತ್ತರ: ನಿಮ್ಮ ವರ್ಣನೆ ಡ್ರೊಸೆರಾ ಬರ್ಮಾನಿಗೆ ಹೊಂದುತ್ತದೆ, ಅಲ್ಲೇ ನೆಟ್ಟಗೆ ನಿಂತು, ನೀಳವಾದ ಎಲೆಯ ಜೊತೆಗೆ ಗುಲಾಬಿ ಹೂ ಬಿಟ್ಟದ್ದು ಕಂಡರೆ ಅದು ಡ್ರೊಸೆರಾ ಇಂಡಿಕಾ. ದಯವಿಟ್ಟು ಕೀಳಬೇಡಿ. ಪದವು ಒಣಗುವುದರೊಳಗೆ ಹೂ ಬಿಟ್ಟು, ಬೀಜ ಚೆಲ್ಲಿ ಸಾಯುವುದೇ ಅಲ್ಲಿ ಅವುಗಳ ಬದುಕಾದ್ದರಿಂದ, ಹೂವಿನ ಜೊತೆ ಕಿತ್ತದ್ದು ಮನೆಯಲ್ಲಿ ಕೆಲವೇ ವಾರ ಉಳಿದೀತು, ಮುಂದಿನ ವರ್ಷದ ಬೀಜವೂ ಅಲ್ಲಿ ಇಲ್ಲವಾದೀತು. ಅಲ್ಲೇ ಪ್ಲಾಸ್ಟಿಕ್ ಹಾಳೆ ಹಾಸಿ ಮಲಗಿ, ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಳಿಸಿ ಚಿತ್ರ ತೆಗೆಯಿರಿ. ಹಾಳೆ ಹಾಸುವ ಮೊದಲು ಅದರಡಿ ಏನಿದೆ ಎಂದು ನೋಡಿಕೊಳ್ಳಿ.

ಪ್ರಶ್ನೆ (ಬೆಂಗಳೂರು): ಧನ್ಯವಾದ ಮೇಡಂ. ನಮ್ಮ ಆರ್‌ಒ ನೀರು 38 ತೋರಿಸುತ್ತಿದೆ. ಅಂಟು ಮರಳುವವರೆಗೆ ಚಿತ್ರಕ್ಕಾಗಿ ಎಲೆಗಳ ಮೇಲೆ ನೀರು ಸಿಂಪಡಿಸಬಹುದೆ?

ಉತ್ತರ: 38 ಚೆನ್ನಾಗಿದೆ. ಸಿಂಪಡಿಸಬೇಡಿ, ಉಳಿದಿರುವ ಅಂಟೂ ತೊಳೆದುಹೋಗುತ್ತದೆ. ನಿಜವಾದ ಹನಿ ಪ್ರತಿಯೊಂದು ಕೆಂಪು ರೋಮದ ತುದಿಯಲ್ಲೂ ಒಂದೊಂದೇ ಕೂರುತ್ತದೆ, ಸಿಂಪಡಿಸಿದ ನೀರು ರೋಮಗಳನ್ನು ಒಟ್ಟುಗೂಡಿಸಿ ಮುದ್ದೆ ಮಾಡುತ್ತದೆ; ಗಿಡ ಬಲ್ಲವರಿಗೆ ಅದು ಮೊದಲ ನೋಟದಲ್ಲೇ ಗೊತ್ತಾಗುತ್ತದೆ. ಒಣಗಿದ ಹಳೆಯ ಎಲೆಗಳನ್ನು ಕಾಯುವುದನ್ನು ಬಿಟ್ಟು, ನಡುವಿನಿಂದ ಸುರುಳಿ ಬಿಚ್ಚಿಕೊಂಡು ಬರುವ ಹೊಸ ಎಲೆಗಳನ್ನು ಗಮನಿಸಿ.