ಮುಳುಗುವುದೋ, ಧುಮುಕುವುದೋ? ಸ್ಕೂಬಾ ಸೂಚನೆಗೆ ಬೇಕಾದ ಕನ್ನಡ

ಪ್ರಶ್ನೆ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ (ಸಿಲಿಂಡರ್ ಹೊತ್ತು ನೀರಿಗಿಳಿಯುವುದು), ಸ್ನಾರ್ಕೆಲಿಂಗ್ (ಕೊಳವೆಯಿಂದ ಉಸಿರಾಡುತ್ತ ನೀರಿನ ಮೇಲ್ಭಾಗದಲ್ಲಿ ತೇಲುವುದು) ಎಂದು ಹೋಗುವವರಿಗೆ ದೋಣಿಯಲ್ಲೇ ಓದಿಸುವ ಒಂದು ಪುಟದ ಸೂಚನೆಯ ಕನ್ನಡ ತಿದ್ದಬೇಕಿದೆ. ಕರಡಿನ ಮೊದಲ ಸಾಲು ಹೀಗಿದೆ: ‘ಬೆನ್ನಿಗೆ ಆಮ್ಲಜನಕದ ಸಿಲಿಂಡರ್ ಕಟ್ಟಿಕೊಂಡು, ಮುಖವಾಡ ಧರಿಸಿ, ಹವಳದ ದಿಬ್ಬಕ್ಕೆ ಧುಮುಕಿರಿ.’ ವ್ಯಾಕರಣ ಸರಿಯಿದ್ದರೂ ಕಿವಿಗೆ ಒಗ್ಗುತ್ತಿಲ್ಲ. ಡೈವ್, ಸ್ನಾರ್ಕೆಲ್, ಮಾಸ್ಕ್, ರೀಫ್, ಈಕ್ವಲೈಸ್, ಬ್ಲೀಚಿಂಗ್ ಇವುಗಳಲ್ಲಿ ಯಾವುದನ್ನು ಕನ್ನಡಕ್ಕೆ ತರಬೇಕು, ಯಾವುದನ್ನು ಹಾಗೇ ಬಿಡಬೇಕು?

ಉತ್ತರ 1

ಒಂದೇ ಸಾಲಿನಲ್ಲಿ ಇಷ್ಟು ತಪ್ಪು ಹಿಡಿಸುವುದು ಸುಲಭದ ಕೆಲಸವಲ್ಲ. ಪದಕ್ಕಿಂತ ಮೊದಲು ಸಂಗತಿಯನ್ನೇ ತಿದ್ದಿ: ಸಿಲಿಂಡರಿನಲ್ಲಿ ಇರುವುದು ಆಮ್ಲಜನಕವಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ. ಅದರಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು; ಉಳಿದದ್ದು ಹೆಚ್ಚುಕಡಿಮೆ ಎಲ್ಲ ಸಾರಜನಕ. ಶುದ್ಧ ಆಮ್ಲಜನಕ ಉಸಿರಾಡುತ್ತ 6 ಮೀಟರಿಗಿಂತ ಕೆಳಗೆ ಹೋದರೆ ಅದೇ ವಿಷವಾಗಿ ಸೆಳವು (ಫಿಟ್ಸ್) ಬರಬಹುದು. ಪತ್ರಿಕೆಗಳು ದಿನಾ ಬರೆಯುವ ಪ್ರಯೋಗ ಇದಾದರೂ ಸೂಚನೆಯ ಹಾಳೆಯಲ್ಲಿ ಇರಕೂಡದು. ‘ಗಾಳಿಯ ಸಿಲಿಂಡರ್’ ಎಂದರೆ ಸಾಕು. ಸಾಮಾನ್ಯವಾಗಿ ಬಳಸುವುದು 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್. 200 ಬಾರ್ ಒತ್ತಡಕ್ಕೆ, ಅಂದರೆ ಸುತ್ತಲ ಗಾಳಿಯ ಸುಮಾರು 200 ಪಟ್ಟಿಗೆ, ತುಂಬಿದರೆ 2200 ಲೀಟರ್ ಗಾಳಿ. ಕೊನೆಯ 50 ಬಾರ್ ಮುಟ್ಟುವಂತಿಲ್ಲ, ಅದು ಆಪತ್ತಿಗೆ ಇಟ್ಟ ಗಂಟು. ಉಳಿದ 1650 ಲೀಟರ್, ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ, 10 ಮೀಟರ್ ಆಳದಲ್ಲಿ ಸುಮಾರು 40 ನಿಮಿಷ ಬರುತ್ತದೆ. ಅಲ್ಲಿ ಒತ್ತಡ ಇಮ್ಮಡಿ, ಹಾಗಾಗಿ ಖರ್ಚೂ ಇಮ್ಮಡಿ. ಹೊಸಬರು ಗಾಬರಿಯಲ್ಲಿ ಏದುಸಿರು ಬಿಟ್ಟರೆ ಇದರ ಅರ್ಧಕ್ಕೇ ಗಾಳಿ ಮುಗಿಯುತ್ತದೆ.

ಇನ್ನು ‘ಧುಮುಕು’. ಅದರಲ್ಲಿ ಎತ್ತರವಿದೆ, ರಭಸವಿದೆ. ಜೋಗದಲ್ಲಿ ಶರಾವತಿ ಧುಮುಕುತ್ತಾಳೆ, ಹುಡುಗರು ಬಾವಿಕಟ್ಟೆಯಿಂದ ಧುಮುಕುತ್ತಾರೆ. ಸ್ಕೂಬಾದಲ್ಲಿ ಆಗುವುದು ಇದರ ತದ್ವಿರುದ್ಧ. ಸಣ್ಣ ದೋಣಿಯ ಅಂಚಿನಲ್ಲಿ ಕುಳಿತು, ಮಾಸ್ಕನ್ನು ಅಂಗೈಯಿಂದ ಒತ್ತಿಹಿಡಿದು, ಬೆನ್ನಡಿಯಾಗಿ ನೀರಿಗೆ ಉರುಳುವುದು. ಆಮೇಲೆ ಲಂಗರಿನ ಹಗ್ಗ ಹಿಡಿದು, ಕಾಲು ಕೆಳಗೆ ಮಾಡಿ, ನಿಧಾನವಾಗಿ ಜಾರುವುದು. ಇದಕ್ಕೆ ‘ಇಳಿ’ಗಿಂತ ಒಳ್ಳೆಯ ಕ್ರಿಯಾಪದ ಇಲ್ಲ. ಜೋಡಿಗೆ ‘ಏಳು’ ಇದೆ: ನೀರಿಗಿಳಿ, ಮೇಲೇಳು.

‘ಮುಳುಗು’ ಕ್ರಿಯಾಪದವಾಗಿ ತುಸು ಅಪಶಕುನದ್ದೇ. ದೋಣಿ ಮುಳುಗುತ್ತದೆ, ಸಾಲದಲ್ಲಿ ಮನೆ ಮುಳುಗುತ್ತದೆ. ‘ಮುಳುಗು ತಜ್ಞರು’ ಎಂಬ ಮಾತು ಸುದ್ದಿಯಲ್ಲಿ ಬಂದರೆ ಯಾರದೋ ಶವ ಹುಡುಕುತ್ತಿದ್ದಾರೆ ಎಂದೇ ಅರ್ಥ. ಆದರೆ ನಾಮಪದವಾದಾಗ ಆ ಕಳಂಕ ಇಲ್ಲ. ತೀರ್ಥಕ್ಕೆ ಹೋದವರು ‘ಮೂರು ಮುಳುಗು ಹಾಕಿದೆ’ ಎನ್ನುತ್ತಾರೆ: ಮುಳುಗಿದ್ದೂ ಆಯಿತು, ಎದ್ದದ್ದೂ ಆಯಿತು. ಕೆರೆಯಲ್ಲಿ ಇಲ್ಲಿ ಮುಳುಗಿ ಅಲ್ಲೇಳುವ ಪುಟ್ಟ ಹಕ್ಕಿಯ ಹೆಸರೂ ಗುಳುಮುಳುಕ. ಆದ್ದರಿಂದ ಎಣಿಕೆಗೆ ಬೇಕಾದಾಗ ‘ಬೆಳಿಗ್ಗೆ ಎರಡು ಮುಳುಗು’ ಎಂದು ಧೈರ್ಯವಾಗಿ ಬರೆಯಿರಿ.

‘ಮುಖವಾಡ’ ಯಕ್ಷಗಾನದ ಹತ್ತಿರದ್ದು; ‘ಮುಖಗವಸು’ ಕೊರೊನಾ ಕಾಲದ್ದಾಗಿ ಹೋಯಿತು; ‘ಈಜುಕನ್ನಡಕ’ ಎಂದರೆ ತಪ್ಪೇ. ಈಜುಕೊಳದ ಕನ್ನಡಕದಲ್ಲಿ ಮೂಗು ಹೊರಗಿರುತ್ತದೆ, ಇದರಲ್ಲಿ ಒಳಗೇ ಇರಬೇಕು. ಇಳಿಯುತ್ತ ಹೋದಂತೆ ಮಾಸ್ಕಿನೊಳಗಿನ ಗಾಳಿ ಕುಗ್ಗಿ ಗಾಜು ಮುಖಕ್ಕೆ ಹೀರಿಕೊಳ್ಳುತ್ತದೆ. ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟರೆ ಸಡಿಲವಾಗುತ್ತದೆ. ಕನ್ನಡಕಕ್ಕೆ ಆ ಅನುಕೂಲವಿಲ್ಲ, ಕಣ್ಣು ರಕ್ತ ಕಟ್ಟುತ್ತದೆ. ‘ಮಾಸ್ಕ್’ ಎಂದೇ ಇರಲಿ. ಗಾಜಿಗೆ ಹಬೆ ಕೂರದಂತೆ ಒಳಬದಿಗೆ ಉಗುಳು ಸವರಿ, ಒಮ್ಮೆ ಸಮುದ್ರದ ನೀರಲ್ಲಿ ಅದ್ದಬೇಕು. ಮೀಸೆಯವರ ಮಾಸ್ಕಿನಲ್ಲಿ ಮೂಗಿನ ಕೆಳಗಿಂದ ನೀರು ಜಿನುಗುತ್ತದೆ. ಒಳಗೆ ಸಿಕ್ಕ ಒಂದೆರಡು ಕೂದಲೂ ಅಷ್ಟೇ ಮಾಡುತ್ತವೆ.

ಸ್ನಾರ್ಕೆಲ್ ಜರ್ಮನ್ ಪದ. ಎರಡನೇ ಮಹಾಯುದ್ಧದ ಜಲಾಂತರ್ಗಾಮಿಗಳು ನೀರಿನ ಮೇಲೆ ಚಾಚುತ್ತಿದ್ದ ಗಾಳಿಕೊಳವೆಗೆ ನಾವಿಕರು ಇಟ್ಟ ಹೆಸರು. ಮೂಲದಲ್ಲಿ ಮೂತಿ, ಮೂಗು ಎಂಬ ಅರ್ಥ. ಗೊರಕೆಗೆ ಅಲ್ಲಿರುವ ಪದವೂ ಇದರ ನೆಂಟ. ‘ಉಸಿರುಗೊಳವೆ’ ಎನ್ನೋಣವೆಂದರೆ ಓದುಗರಿಗೆ ಗಂಟಲೊಳಗಿನ ಶ್ವಾಸನಾಳ ನೆನಪಾಗುತ್ತದೆ. ಸ್ನಾರ್ಕೆಲ್ ಎಂದೇ ಬಿಡಿ, ಆದರೆ ಅದು ಏನು ಮಾಡಲಾರದು ಎಂದು ಒಂದು ಸಾಲು ಸೇರಿಸಿ. ಕೊಳವೆ ಸುಮಾರು 35ರಿಂದ 40 ಸೆಂಟಿಮೀಟರ್ ಮಾತ್ರ. ಉದ್ದದ ಪಪ್ಪಾಯಿ ದಂಟು ಕಚ್ಚಿಕೊಂಡು ಕೆರೆಯ ತಳದಲ್ಲಿ ಅಡಗುವುದು ಕತೆಯಲ್ಲಷ್ಟೇ ಸಾಧ್ಯ. ಒಂದು ಮೀಟರ್ ಆಳದಲ್ಲೇ ನೀರಿನ ಭಾರಕ್ಕೆ ಎದೆ ಹಿಗ್ಗುವುದು ಕಷ್ಟ, ಬಿಟ್ಟ ಉಸಿರೂ ಕೊಳವೆಯಲ್ಲೇ ಉಳಿದು ಮತ್ತೆ ಒಳಬರುತ್ತದೆ. ಕೊಳವೆಗೆ ನೀರು ನುಗ್ಗಿದರೆ ಸೌದೆ ಒಲೆಗೆ ಊದುವ ಹಾಗೆ ಒಂದೇ ಬಾರಿ ಜೋರಾಗಿ ಊದಬೇಕು.

ಈಕ್ವಲೈಸ್‌ಗೆ, ಅಂದರೆ ಕಿವಿಯೊಳಗಿನ ಒತ್ತಡವನ್ನು ಹೊರಗಿನ ಒತ್ತಡಕ್ಕೆ ಸರಿಹೊಂದಿಸುವುದಕ್ಕೆ, ‘ಸಮತೋಲನಗೊಳಿಸಿ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಆಗುಂಬೆ ಘಾಟಿ ಇಳಿಯುವಾಗ ‘ಕಿವಿ ಮುಚ್ಚಿಕೊಂಡಿತು’, ಎಂಜಲು ನುಂಗಿದರೆ ‘ಕಿವಿ ಬಿಟ್ಟಿತು’ ಎನ್ನುತ್ತೇವಲ್ಲ, ಅದೇ ಪದ: ‘ಕಿವಿ ಬಿಡಿಸಿ’. ಮಾಸ್ಕಿನ ಮೇಲಿಂದಲೇ ಮೂಗು ಹಿಂಡಿ, ಬಾಯಿಮುಚ್ಚಿ, ಮೆತ್ತಗೆ ಊದುವುದು. ಪ್ರತಿ ಅರ್ಧ ಮೀಟರಿಗೊಮ್ಮೆ, ನೋವು ಬರುವ ಮೊದಲೇ. ಬಿಡದಿದ್ದರೆ ಒಂದು ಮೀಟರ್ ಮೇಲೆದ್ದು ಮತ್ತೆ ಯತ್ನಿಸಬೇಕೇ ಹೊರತು ಜೋರು ಮಾಡಬಾರದು; ಕಿವಿತಮಟೆ ಹರಿಯುತ್ತದೆ. ನೆಗಡಿ ಇದ್ದವರ ಕಿವಿ ಬಿಡುವುದಿಲ್ಲ, ಅವರು ಅಂದು ದೋಣಿಯಲ್ಲೇ ಕೂರಲಿ.

ಹವಳದ ವಿಷಯಕ್ಕೆ ಬಂದರೆ, ಸಂಸ್ಕೃತದ ಪ್ರವಾಳ ಪ್ರಾಕೃತದ ಮೂಲಕ ‘ಪವಳ’ವಾಗಿ, ಹಳಗನ್ನಡದ ಪಕಾರ ಹಕಾರಕ್ಕೆ ತಿರುಗಿದಾಗ ‘ಹವಳ’ವಾಯಿತು. ನಮ್ಮಜ್ಜಿಯರ ಹವಳದ ಸರ ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳದ್ದು. ಆ ಜಾತಿ ದಿಬ್ಬ ಕಟ್ಟುವುದಿಲ್ಲ. ದಿಬ್ಬ ಕಟ್ಟುವವು ಬೇರೆ, ಸುಣ್ಣದ ಗೂಡು ಮಾಡಿಕೊಳ್ಳುವ ಕಲ್ಲುಹವಳಗಳು. ರೀಫ್‌ಗೆ ಪಠ್ಯಪುಸ್ತಕ ಕೊಡುವ ‘ಹವಳದ ದಿಬ್ಬ’ ಲಕ್ಷದ್ವೀಪಕ್ಕೆ ಸರಿಯಾಗಿ ಕೂರುತ್ತದೆ, ಅಲ್ಲಿ ದ್ವೀಪವೇ ಹವಳ ಕಟ್ಟಿದ್ದು. ನೇತ್ರಾಣಿ ಹಾಗಲ್ಲ. ದಡದಿಂದ ಸುಮಾರು 19 ಕಿ.ಮೀ. ದೂರದ ಕಲ್ಲಿನ ದ್ವೀಪ ಅದು. ಹವಳ ಅದರ ಬಂಡೆಗಳಿಗೆ ಅಂಟಿಕೊಂಡು ಬೆಳೆದಿದೆ. ಇಲ್ಲಿಗೆ ತುಳುವರ ‘ಪಾದೆ’ ಎರವಲು ತಂದು ‘ಹವಳದ ಪಾದೆ’ ಎನ್ನಬಹುದು, ‘ಹವಳ ಬೆಳೆದ ಬಂಡೆ’ ಎಂದರೂ ಆದೀತು.

ಬ್ಲೀಚಿಂಗ್ ಎಂದರೆ ಚರಂಡಿಗೆ ಹಾಕುವ ಪುಡಿ ನೆನಪಾಗುತ್ತದೆ. ‘ಬಿಳಿಚು’ ಇದ್ದೇ ಇದೆ. ಕಾಯಿಲೆ ಬಿದ್ದವರ ಮುಖ ಬಿಳಿಚುತ್ತದೆ, ಹಾಗೆಂದು ಸತ್ತಿಲ್ಲ. ನೀರು ಕಾದಾಗ ಹವಳ ತನ್ನ ಮೈಯಲ್ಲಿದ್ದು ಆಹಾರ ಕೊಡುವ ಪಾಚಿಯನ್ನು ಹೊರಹಾಕುತ್ತದೆ, ಬಣ್ಣ ಹೋಗಿ ಒಳಗಿನ ಬಿಳಿ ಸುಣ್ಣ ಕಾಣುತ್ತದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳಲೂಬಹುದು. 1998, 2010, 2016ರಲ್ಲಿ ಲಕ್ಷದ್ವೀಪದ ಹವಳ ಬಿಳಿಚಿದ್ದು ಹೀಗೆ. ‘ಬಿಳುಪು’ ಎನ್ನಬೇಡಿ, ಅದು ಸೋಪಿನ ಜಾಹೀರಾತು.

ಉತ್ತರ 2

ಮೇಲಿನದಕ್ಕೆ ಕೆಲವು ಸೇರಿಕೆ. ಕರಡಿನಲ್ಲಿ ‘ಉಸಿರು ಕಟ್ಟಬೇಡಿ’ ಎಂದೇನಾದರೂ ಇದ್ದರೆ ತೆಗೆಯಿರಿ. ಉಸಿರು ಕಟ್ಟುವುದು ತಾನಾಗಿ ಆಗುವ ಅವಘಡ, ಬೇಡ ಎಂದರೆ ನಿಲ್ಲುವುದಲ್ಲ. ‘ಉಸಿರು ಬಿಗಿಹಿಡಿಯಬೇಡಿ’ ಎಂದಾಗಬೇಕು. ಇಡೀ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಹಾಕಬೇಕಾದ ಸಾಲು ಇದೊಂದೇ. 10 ಮೀಟರ್ ಆಳದಲ್ಲಿ ಎಳೆದುಕೊಂಡ ಉಸಿರನ್ನು ಹಿಡಿದುಕೊಂಡೇ ಮೇಲೆದ್ದರೆ ಅದು ಎರಡರಷ್ಟು ಹಿಗ್ಗಿ ಶ್ವಾಸಕೋಶ ಹರಿಯುತ್ತದೆ.

ಹೆಬ್ಬೆರಳು ಎತ್ತಿದರೆ ನೀರಿನಡಿ ‘ಮೇಲೆ ಹೋಗೋಣ’ ಎಂದರ್ಥ. ‘ಚೆನ್ನಾಗಿದೆ’ ಎನ್ನಲು ತೋರುಬೆರಳು, ಹೆಬ್ಬೆರಳು ಸೇರಿಸಿ ಸುತ್ತು ಮಾಡಬೇಕು. ಮೊಬೈಲಿನ ಅಭ್ಯಾಸದಲ್ಲಿ ಹೆಬ್ಬೆರಳು ತೋರಿಸಿದವರನ್ನು ಜೊತೆಗಾರ ಮೇಲಕ್ಕೆ ಕರೆದೊಯ್ದರೆ ತಪ್ಪು ಅವನದ್ದಲ್ಲ. ‘ಆಕ್ಟೋಪಸ್ ನಿಮ್ಮ ಬಲಗಡೆ ಇರುತ್ತದೆ’ ಎಂದು ಬರೆದಿದ್ದರೆ ಅದನ್ನೂ ತಿದ್ದಿ. ಅದು ಹಳದಿ ಕೊಳವೆಯ ಬಿಡಿ ಬಾಯಿತುಂಡು, ಜೊತೆಗಾರನ ಗಾಳಿ ತೀರಿದರೆ ಕೊಡಲು ಇಟ್ಟದ್ದು. ‘ಕರೆಂಟ್ ಜೋರಿದೆ’ ಎಂಬಲ್ಲಿ ‘ಸೆಳೆತ’ ಎನ್ನಿ. ಫಿನ್‌ಗೆ ಮೀನಿನ ‘ಈಜುರೆಕ್ಕೆ’ ಬಿಟ್ಟು ‘ಕಾಲುರೆಕ್ಕೆ’ ಎನ್ನಬಹುದು. ಡೈವರ್‌ಗಳಿಂದ ಹವಳಕ್ಕೆ ಹೆಚ್ಚು ಪೆಟ್ಟು ಬೀಳುವುದೂ ಅದರಿಂದಲೇ. ಕಲ್ಲುಹವಳ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ, ಮುರಿದ ಚೂರನ್ನೂ ಮನೆಗೆ ತರುವಂತಿಲ್ಲ.

ಕೊನೆಯದಾಗಿ, ಇಂಗ್ಲಿಷ್ ಹಾಳೆಯ ‘ವಿಮಾನ ಹತ್ತಬೇಡಿ’ ಸೂಚನೆ. ಒಂದು ಮುಳುಗಾದರೆ 12 ಗಂಟೆ, ಹಲವಾದರೆ 18 ಗಂಟೆ ಎನ್ನುವುದು ಡೈವರ್‌ಗಳು ಪಾಲಿಸುವ ಲೆಕ್ಕ. ಮೈಯಲ್ಲಿ ಕರಗಿದ ಸಾರಜನಕ, ಹೊರಗಿನ ಒತ್ತಡ ಇಳಿದೊಡನೆ ಗೋಲಿ ಸೋಡಾದಂತೆ ಗುಳ್ಳೆ ಏಳಬಾರದೆಂದು ಈ ಕಾಯುವಿಕೆ. ಆ ಲೆಕ್ಕ ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯಿಸುತ್ತದೆ. ಬೆಂಗಳೂರು ಇರುವುದು 900 ಮೀಟರಿನಲ್ಲಿ. ಮಧ್ಯಾಹ್ನ ನೀರಿನಿಂದೆದ್ದು ಸಂಜೆಯ ಬಸ್ಸು ಹಿಡಿಯುವವರೇ ಇಲ್ಲಿ ಹೆಚ್ಚು. ಹಾಗಾಗಿ ಕನ್ನಡದ ಹಾಳೆಯಲ್ಲಿ ‘ವಿಮಾನವನ್ನಾಗಲಿ ಘಟ್ಟವನ್ನಾಗಲಿ ಹತ್ತಬೇಡಿ’ ಎಂದಿರಲಿ.