ಬಯೋಟೆಕ್ ಷೇರು ಕೊಳ್ಳುವುದಕ್ಕೆ ತಳಿ ಸಂಕೇತದ ಏಕರೂಪತೆ ಸಾಕಷ್ಟು ಕಾರಣವೇ?

ಪ್ರಶ್ನೆ – ಮೂಡಿಗೆರೆಯ ಬೆಳೆಗಾರ
ಈ ಸಲ ಕಾಫಿ ಮಾರಿ ಬಂದ ಹಣದಲ್ಲಿ ಒಂದಿಷ್ಟನ್ನು ಬಯೋಟೆಕ್ ಷೇರುಗಳಲ್ಲಿ ತೊಡಗಿಸಬೇಕೆಂದಿದ್ದೇನೆ. ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ತಳಿ ಸಂಕೇತ, ಅಂದರೆ ಜೀನಿನ ಅಕ್ಷರಗಳನ್ನು ಪ್ರೋಟೀನಾಗಿ ಓದುವ ನಿಯಮ, ಒಂದೇ ಆಗಿರುವುದರಿಂದ ಯಾವ ಜೀವಿಯ ಜೀನನ್ನಾದರೂ ಇನ್ನೊಂದರಲ್ಲಿ ದುಡಿಸಿಕೊಳ್ಳಬಹುದು, ಹಾಗಾಗಿ ಈ ಉದ್ಯಮಕ್ಕೆ ಸೋಲಿಲ್ಲ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಸಂಕೇತ ಎಲ್ಲೆಡೆ ಒಂದೇ ಆಗಿದ್ದು ಹೇಗೆ? ಅದನ್ನು ನೆಚ್ಚಿ ಹಣ ಹಾಕಬಹುದೇ?

ಉತ್ತರ – ಹಾಸನದ ಜೀವಶಾಸ್ತ್ರ ಉಪನ್ಯಾಸಕಿ
ಗೆಳೆಯರ ಮಾತಿನ ಮೊದಲರ್ಧ ಬಹುಮಟ್ಟಿಗೆ ಸರಿ. ಜೀನಿನ ಮೂರಕ್ಷರದ ಪದಗಳಾದ 64 ಕೋಡಾನ್‌ಗಳಲ್ಲಿ 61 ಸೇರಿ, ಪ್ರೋಟೀನಿನ ಬಿಡಿಭಾಗಗಳಾದ 20 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಉಳಿದ ಮೂರು, ಪ್ರೋಟೀನು ಇಲ್ಲಿಗೆ ಮುಗಿಯಿತೆಂದು ತಿಳಿಸುತ್ತವೆ. ಈ ಹಂಚಿಕೆ ಆಕಸ್ಮಿಕವಾಗಿ ಆಗಿರಬಹುದು, ಆದರೆ ಎಲ್ಲ ಪ್ರೋಟೀನುಗಳೂ ಅದನ್ನೇ ಅವಲಂಬಿಸಿದ ಮೇಲೆ ಒಂದನ್ನು ಬದಲಿಸಿದರೂ ಸಾವಿರಾರು ಪ್ರೋಟೀನುಗಳು ಒಮ್ಮೆಗೇ ಕೆಡುವುದರಿಂದ ಅದು ಹೆಪ್ಪುಗಟ್ಟಿ ನಿಂತಿತು ಎಂದು 1968ರಲ್ಲಿ ಜೀವವಿಜ್ಞಾನಿ ಫ್ರಾನ್ಸಿಸ್ ಕ್ರಿಕ್ ವಾದಿಸಿದರು. ಅಷ್ಟೇ ಆಗಿದ್ದರೆ ಹಂಚಿಕೆ ಇಷ್ಟು ಒಪ್ಪವಾಗಿರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಉದಾಹರಣೆಗೆ, ಯುಯುಯು ಎಂಬ ಕೋಡಾನ್ ಸೂಚಿಸುವುದು ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು. ಕೊನೆಯ ಅಕ್ಷರ ತಪ್ಪಿ ಯುಯುಸಿ ಆದರೂ ಅದೇ ಆಮ್ಲ. ಮೊದಲಕ್ಷರ ತಪ್ಪಿದರೆ ಲ್ಯೂಸಿನ್, ಐಸೊಲ್ಯೂಸಿನ್ ಅಥವಾ ವ್ಯಾಲಿನ್ ಬರುತ್ತದೆ, ಇವೂ ನೀರಿನಿಂದ ದೂರ ಸರಿಯುವ ಗುಣದವೇ. ತಪ್ಪಿನ ಹಾನಿ ಕಡಿಮೆಯಾಗುವ ಈ ಜೋಡಣೆಯಲ್ಲಿ ನಿಸರ್ಗದ ಆಯ್ಕೆಯ ಕೈವಾಡ ಕಾಣುತ್ತದೆ.

ಉತ್ತರ – ಚಿಕ್ಕಮಗಳೂರಿನ ಹೂಡಿಕೆದಾರ
ಷೇರಿನ ವಿಷಯದಲ್ಲಿ ನನ್ನ ಮಾತು ಇಷ್ಟೇ: ಸಂಕೇತ ಎಲ್ಲ ಕಂಪನಿಗಳಿಗೂ ಒಂದೇ ಆಗಿರುವಾಗ, ಅದರಿಂದ ಯಾವ ಒಂದು ಕಂಪನಿಗೂ ವಿಶೇಷ ಲಾಭವಿಲ್ಲ. 1980ರ ಅಕ್ಟೋಬರ್‌ನಲ್ಲಿ ಅಮೆರಿಕದ ಬಯೋಟೆಕ್ ಕಂಪನಿ ಜೆನೆಂಟೆಕ್‌ನ ಷೇರು 35 ಡಾಲರಿಗೆ ಬಂದು ಒಂದೇ ಗಂಟೆಯಲ್ಲಿ 88ಕ್ಕೇರಿ, ಅದೇ ದಿನ 71ರ ಆಸುಪಾಸಿಗೆ ಇಳಿಯಿತು. ಆ ಕಂಪನಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ್ದ ಮಾನವ ಇನ್ಸುಲಿನ್‌ಗೆ ಅನುಮತಿ ಸಿಕ್ಕಿದ್ದು 1982ರಲ್ಲಿ. ಮನುಷ್ಯರ ಮೇಲಿನ ಪರೀಕ್ಷೆಗೆ ಬರುವ ಹೊಸ ಔಷಧಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಅನುಮತಿಯವರೆಗೆ ತಲುಪುವುದೇ ಇಲ್ಲ. ಆದ್ದರಿಂದ ಯಾವ ಔಷಧ ಯಾವ ಹಂತದಲ್ಲಿದೆ, ಪೇಟೆಂಟ್ ಎಂದು ಮುಗಿಯುತ್ತದೆ, ಸಾಲವೆಷ್ಟಿದೆ ಎಂಬುದನ್ನು ವಾರ್ಷಿಕ ವರದಿಯಲ್ಲಿ ಓದಿದ ನಂತರವೇ ಮುಂದುವರಿಯಿರಿ. ಗೊಬ್ಬರಕ್ಕೂ ಕೊಯ್ಲಿನ ಕೂಲಿಗೂ ತೆಗೆದಿಟ್ಟ ಹಣವನ್ನು ದಯವಿಟ್ಟು ಮುಟ್ಟಬೇಡಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಮೇಡಂ, "ಬಹುಮಟ್ಟಿಗೆ" ಎಂದಿರಿ, ಹಾಗಾದರೆ ಅಪವಾದಗಳಿವೆಯೇ?

ಉತ್ತರ – ಹಾಸನದ ಉಪನ್ಯಾಸಕಿ
ಇವೆ. ಸಾಮಾನ್ಯವಾಗಿ ನಿಲುಗಡೆ ಸೂಚಿಸುವ ಯುಜಿಎ ಕೋಡಾನ್, ನಮ್ಮದೇ ಜೀವಕೋಶಗಳ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾದಲ್ಲಿ ಟ್ರಿಪ್ಟೊಫ್ಯಾನ್ ಎಂಬ ಆಮ್ಲವನ್ನು ಸೂಚಿಸುತ್ತದೆಂದು 1979ರಲ್ಲೇ ಗೊತ್ತಾಯಿತು. ಕೆಲವು ಕ್ಯಾಂಡಿಡಾ ಯೀಸ್ಟ್‌ಗಳು ಸಿಯುಜಿಯನ್ನು ಲ್ಯೂಸಿನ್ ಬದಲು ಸಿರೀನ್ ಎಂದು ಓದುತ್ತವೆ. ಇನ್ನೊಂದು ತೊಡಕೂ ಇದೆ: ಒಂದೇ ಆಮ್ಲಕ್ಕೆ ಹಲವು ಕೋಡಾನ್‌ಗಳಿದ್ದಾಗ ಪ್ರತಿ ಜೀವಿಯೂ ಕೆಲವನ್ನು ಹೆಚ್ಚಾಗಿ ಬಳಸುವುದರಿಂದ, ಪ್ರೋಟೀನು ಚೆನ್ನಾಗಿ ತಯಾರಾಗಲೆಂದು ಕಂಪನಿಗಳು ಜೀನನ್ನು ಆ ಜೀವಿಗೆ ಒಗ್ಗುವಂತೆ ಮತ್ತೆ ಬರೆಸಿಕೊಳ್ಳುತ್ತವೆ.