ಕಾಲೇಜು ಸೇರುವ ಹೊತ್ತಿಗೇ ಟ್ರಾನ್ಸಿಶನ್: ಯಾವುದು ಮೊದಲು?

ಹೊಸಪುಟ:
ವಯಸ್ಸು 18, ಟ್ರಾನ್ಸ್ ಹುಡುಗಿ (ಹುಟ್ಟಿದಾಗ ಗಂಡೆಂದು ದಾಖಲಾದವಳು). ಟ್ರಾನ್ಸಿಶನ್, ಅಂದರೆ ಹೆಣ್ಣಾಗಿ ಬದುಕುವತ್ತ ಹೆಜ್ಜೆ, ಈಗ ಶುರು. ಇನ್ನೆರಡು ತಿಂಗಳಿಗೆ ಕಾಲೇಜು, ಹಾಸ್ಟೆಲ್ ವಾಸ. ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರ) ಭೇಟಿ ನಿಗದಿಯಾಗಿದೆ, ಹಾರ್ಮೋನ್ ಇನ್ನೂ ಶುರುವಾಗಿಲ್ಲ. ದಾಖಲೆಗಳಲ್ಲೆಲ್ಲ ಹಳೆಯ ಹೆಸರೇ ಇದೆ. ಮೊದಲ ದಿನದಿಂದಲೇ ಹೊಸ ಹೆಸರಿನಲ್ಲಿ ಇರಬಹುದಾ, ಇಲ್ಲಾ ಮೈಯಲ್ಲಿ ಬದಲಾವಣೆ ಕಾಣುವವರೆಗೆ ಕಾಯಬೇಕಾ? ಮಾತ್ರೆಯಿಂದ ಓದಿಗೆ ತೊಂದರೆ ಆಗುತ್ತಾ?

ಕಡತ:
ಕಾಯಬೇಡಿ. ಹೆಸರಿಗೂ ಹಾರ್ಮೋನಿಗೂ ಸಂಬಂಧವಿಲ್ಲ. ಹೆಸರಿನ ಕೆಲಸಕ್ಕೆ ಹಾಜರಿ ಪಟ್ಟಿ ತಯಾರಾಗುವ ದಿನವೇ ಗಡುವು; ಹಳೆಯ ಹೆಸರನ್ನು ತರಗತಿಯಲ್ಲಿ ಒಮ್ಮೆ ಕೂಗಿಬಿಟ್ಟರೆ ಆಮೇಲೆ ಎಲ್ಲರ ಬಾಯಲ್ಲೂ ಅದೇ ಕೂರುತ್ತದೆ. ದಾಖಲಾತಿ ವಿಭಾಗಕ್ಕೆ ಈಗಲೇ ಬರೆದು ಕೇಳಿ: ಕಾನೂನಿನ ಹೆಸರು ಬದಲಾಗುವ ಮೊದಲು ಕರೆಯುವ ಹೆಸರನ್ನು ದಾಖಲಿಸಬಹುದೇ? ಅದು ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆ? ಎರಡನೆಯದನ್ನು ಬಿಡದೆ ಕೇಳಿ. ಹಾಜರಿ, ಇಮೇಲ್, ಗ್ರಂಥಾಲಯ, ಪಾಠದ ಪೋರ್ಟಲ್ ಬಹಳಷ್ಟು ಕಡೆ ಬೇರೆಬೇರೆ ತಂತ್ರಾಂಶಗಳು, ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ಇಮೇಲ್ ವಿಳಾಸವಂತೂ ಖಾತೆ ತೆರೆಯುವ ಮುಂಚೆಯೇ ಸರಿಯಾಗಬೇಕು.

ವಿದ್ಯಾರ್ಥಿವೇತನ, ವಿಮೆ, ಪರೀಕ್ಷೆಯ ಪ್ರವೇಶಪತ್ರಗಳಲ್ಲಿ ಮಾತ್ರ ಕಾನೂನಿನ ಬದಲಾವಣೆ ಪೂರ್ತಿಯಾಗುವವರೆಗೆ ಗುರುತಿನ ದಾಖಲೆಯ ಹೆಸರೇ ಇರಲಿ. ಅರ್ಧಂಬರ್ಧ ಬದಲಿಸಿದರೆ ದಾಖಲೆಗಳು ತಾಳೆಯಾಗದೆ ಹಣವೋ ಪ್ರವೇಶವೋ ನಿಲ್ಲುತ್ತದೆ. ಮನೆಯಲ್ಲಿ ಇನ್ನೂ ಹೇಳಿಲ್ಲವಾದರೆ ಕಾಲೇಜಿನ ಪತ್ರಗಳು ಮತ್ತು ವಿಮೆಯ ಬಿಲ್‌ಗಳು ಯಾವ ವಿಳಾಸಕ್ಕೆ, ಯಾವ ಹೆಸರಿಗೆ ಹೋಗುತ್ತವೆ ಎಂದು ಮೊದಲೇ ವಿಚಾರಿಸಿ. ಗುಟ್ಟು ಹೊರಬೀಳುವುದು ಹೆಚ್ಚಾಗಿ ಇಲ್ಲೇ. ಹಾಸ್ಟೆಲ್ ಕೋಣೆಯ ಮಾತನ್ನೂ ಹಂಚಿಕೆಗೆ ಮುಂಚೆ ಆಡಿ; ಹಂಚಿದ ಮೇಲೆ ಬದಲಿಸುವುದು ಕಷ್ಟ.

ಹನಿಲೆಕ್ಕ:
ಹಾರ್ಮೋನ್ ಬಗ್ಗೆ. ಶುರುವಿಗೆ ಮುನ್ನ ಟೆಸ್ಟೋಸ್ಟಿರಾನ್ (ಗಂಡು ಹಾರ್ಮೋನ್), ಎಸ್ಟ್ರಡಯಾಲ್ (ಹೆಣ್ಣು ಹಾರ್ಮೋನ್), ಯಕೃತ್ತು, ಮೂತ್ರಪಿಂಡ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸುವುದು ರೂಢಿ. ಮನೆತನದಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದರೆ, ನೀವು ಸಿಗರೇಟು ಸೇದುತ್ತಿದ್ದರೆ ಮುಚ್ಚಿಡಬೇಡಿ, ಔಷಧದ ಆಯ್ಕೆಯೇ ಅದರ ಮೇಲೆ ನಿಂತಿದೆ. ಮುಂದೆ ಸ್ವಂತ ಮಗು ಬೇಕೆನಿಸಬಹುದು ಎಂದಿದ್ದರೆ ವೀರ್ಯ ಸಂಗ್ರಹ ಮೊದಲ ಮಾತ್ರೆಗೂ ಮುಂಚೆ ಆಗಲಿ.

ನುಂಗುವ ಎಸ್ಟ್ರಡಯಾಲ್ ಸಾಮಾನ್ಯವಾಗಿ ದಿನಕ್ಕೆ 2ರಿಂದ 6 ಮಿಲಿಗ್ರಾಂ, ಕಡಿಮೆಯಿಂದ ಶುರು. ಜೊತೆಗೆ ಟೆಸ್ಟೋಸ್ಟಿರಾನ್ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಕೊಟ್ಟರೆ ದಿನಕ್ಕೆ 100ರಿಂದ 300 ಮಿಲಿಗ್ರಾಂ. ಇದು ಮೂತ್ರ ಹೆಚ್ಚಿಸುತ್ತದೆ, ಎದ್ದು ನಿಂತಾಗ ತಲೆ ಸುತ್ತಬಹುದು. ಮೂರು ಗಂಟೆಯ ಪರೀಕ್ಷೆಯಿದ್ದ ದಿನ ಯಾವ ಹೊತ್ತಿಗೆ ನುಂಗಬೇಕೆಂದು ವೈದ್ಯರನ್ನೇ ಕೇಳಿ. ಈ ಮಾತ್ರೆ ಪೊಟ್ಯಾಸಿಯಂ ಏರಿಸಬಹುದು, ಹಾಗಾಗಿ ಪೊಟ್ಯಾಸಿಯಂ ಬೆರೆತ ‘ಕಡಿಮೆ ಸೋಡಿಯಂ’ ಉಪ್ಪು ಬೇಡ.

ಚರ್ಮ ಮೃದುವಾಗುವುದು, ಸ್ತನ ಬೆಳೆಯತೊಡಗುವುದು 3ರಿಂದ 6 ತಿಂಗಳಿಗೆ. ಪೂರ್ಣ ಬೆಳವಣಿಗೆಗೆ ವರ್ಷಗಳು ಬೇಕು. ಹಾಗಾಗಿ ಮೊದಲ ಸೆಮಿಸ್ಟರಿನಲ್ಲಿ ನೋಡುವವರಿಗೆ ಹೆಚ್ಚೇನೂ ಕಾಣದು. ಆತುರಪಟ್ಟು ಡೋಸ್ ಏರಿಸಿದರೆ ಬೆಳವಣಿಗೆ ವೇಗವಾಗುವುದಿಲ್ಲ, ಹೆಪ್ಪುಗಟ್ಟುವ ಅಪಾಯವಷ್ಟೇ ಏರುತ್ತದೆ. ಒಂದೇ ಕಾಲು ಊದಿ ನೋಯುವುದು, ಎದೆನೋವು, ದಿಢೀರ್ ಉಸಿರಾಟದ ತೊಂದರೆ ಬಂದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ. ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಪರೀಕ್ಷಾ ವೇಳಾಪಟ್ಟಿ ನೋಡಿಕೊಂಡೇ ದಿನ ಗೊತ್ತುಮಾಡಿ. ಮನಸ್ಸಿನ ಏರಿಳಿತ ಕೆಲವರಿಗೆ ಆಗುತ್ತದೆ. ಓದಲಾಗದಷ್ಟು ಕುಗ್ಗಿದರೆ ಮುಂದಿನ ಭೇಟಿಗೆ ಕಾಯದೆ ತಿಳಿಸಿ.

ಮರದನೆರಳು:
ಇದೇ ಜಾಗದಲ್ಲಿ ಕೇಳುತ್ತೇನೆ, ಟ್ರಾನ್ಸ್ ಹುಡುಗರಿಗೆ (ಹುಟ್ಟಿದಾಗ ಹೆಣ್ಣೆಂದು ದಾಖಲಾದವರಿಗೆ)? ಹಾಸ್ಟೆಲ್‌ನಲ್ಲಿ ಟೆಸ್ಟೋಸ್ಟಿರಾನ್ ಜೆಲ್ ಹಚ್ಚಿಕೊಂಡರೆ ಏನಾದರೂ ಸಮಸ್ಯೆಯಾ?

ಹನಿಲೆಕ್ಕ:
ಜೆಲ್ ಚರ್ಮದಿಂದ ಚರ್ಮಕ್ಕೆ ಅಂಟುತ್ತದೆ. ಹಚ್ಚಿದ ಕೂಡಲೇ ಸೋಪಿನಿಂದ ಕೈ ತೊಳೆಯಿರಿ, ಜಾಗ ಒಣಗಿದ ಮೇಲೆ ಬಟ್ಟೆಯಿಂದ ಮುಚ್ಚಿ, ಟವೆಲ್ ಹಂಚಿಕೊಳ್ಳಬೇಡಿ. ಧ್ವನಿ ಒಮ್ಮೆ ಗಡುಸಾದರೆ ಔಷಧ ನಿಲ್ಲಿಸಿದರೂ ಹಿಂದಕ್ಕೆ ಬರುವುದಿಲ್ಲ. ಮುಟ್ಟು ನಿಂತರೂ ಗರ್ಭ ನಿಲ್ಲಬಹುದು, ಟೆಸ್ಟೋಸ್ಟಿರಾನ್ ಗರ್ಭನಿರೋಧಕವಲ್ಲ. ರಕ್ತ ದಪ್ಪವಾಗುತ್ತಿದೆಯೇ ಎಂದು ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ನೋಡಿಸುತ್ತಿರಬೇಕು. ಎದೆ ಚಪ್ಪಟೆಯಾಗಿ ಕಾಣಿಸುವ ಬಿಗಿ ಉಡುಪು ಬೈಂಡರ್ ಎಂಟು ಗಂಟೆ ಮೀರದಿರಲಿ, ಅದರಲ್ಲಿ ಮಲಗಬೇಡಿ, ಆಟಕ್ಕೂ ಬೇಡ. ಬ್ಯಾಂಡೇಜ್ ಸುತ್ತಿಕೊಂಡರೆ ಉಸಿರಾಡಿದಂತೆಲ್ಲ ಬಿಗಿಯುತ್ತದೆ, ಪಕ್ಕೆಲುಬಿಗೆ ಪೆಟ್ಟು.

ಕಡತ:
ಹೊಸಪುಟ ಅವರಿಗೆ ಇನ್ನೆರಡು ಮಾತು. ಎಸ್ಟ್ರಡಯಾಲ್ ಧ್ವನಿಯನ್ನು ಬದಲಿಸುವುದಿಲ್ಲ, ಅದಕ್ಕೆ ಬೇರೆಯೇ ಅಭ್ಯಾಸ ಬೇಕು. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಗಂಟಲು ನೋಯಲು ಹತ್ತಿದರೆ ನಿಲ್ಲಿಸಿ. ಗಡ್ಡವೂ ಮಾತ್ರೆಯಿಂದ ಹೋಗದು. ಲೇಸರ್ ಕಪ್ಪು ಕೂದಲಿಗೆ ಚೆನ್ನಾಗಿ ಹಿಡಿಯುತ್ತದೆ, ಆದರೆ ವಾರಗಳ ಅಂತರದಲ್ಲಿ ಹಲವು ಸಲ ಮಾಡಿಸಬೇಕು. ಹಾಗಾಗಿ ಈ ಎರಡು ತಿಂಗಳಲ್ಲೇ ಶುರುಮಾಡಿ. ಮಧ್ಯೆ ಶೇವ್ ಮಾಡಬಹುದು. ಕೂದಲನ್ನು ಕಿತ್ತರೆ ಮಾತ್ರ ಲೇಸರಿಗೆ ಕೂದಲಿನ ಬುಡವೇ ಸಿಗುವುದಿಲ್ಲ.